ಸುರಂಗದ ಮೇಲೆ ಡೆಸರ್ಟೇಶನ್ ಮಾಡ್ತಿದ್ದೇನೆ. ಊರಿನವರಿಗೂ ಸಿಗುವ ಹಾಗೆ ಮಾಡುವುದು ಹೇಗೆ?

ಬಾಯಾರು_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬಾಯಾರಿನವಳು. ಬೆಂಗಳೂರಿನ ಒಂದು ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಎಂ.ಎ. ಎರಡನೇ ವರ್ಷ. ಯಾವುದು ಅಂತ ಹೇಳುವುದಿಲ್ಲ, ಯಾರೂ ಊಹೆ ಮಾಡಲಿಕ್ಕೆ ಹೋಗಬೇಡಿ. ಕೊನೆಯ ಸೆಮಿಸ್ಟರಿನಲ್ಲಿ ನಮಗೆ ಎರಡು ಕೆಲಸ. ಒಂದು ಡೆಸರ್ಟೇಶನ್ (ಸಂಶೋಧನಾ ಪ್ರಬಂಧ), ಇನ್ನೊಂದು ಸೃಜನಶೀಲ ಪ್ರಾಜೆಕ್ಟ್. ಕಥೆ, ನಾಟಕ, ಕಿರುಚಿತ್ರ, ಫೋಟೋ, ಯಾವುದಾದರೂ ಆಗ್ತದೆ. ನಾನು ಎರಡಕ್ಕೂ ನಮ್ಮ ಕಡೆಯ ಸುರಂಗಗಳನ್ನೇ ಹಿಡಿದುಕೊಂಡಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಗುಡ್ಡದ ಬದಿಯಲ್ಲಿ ಮುರಕಲ್ಲು ಕೊರೆದು ಅಡ್ಡಕ್ಕೆ ಒಳಗೆ ಹೋಗುವ ಬಾವಿ ಇದು. ಒಬ್ಬರು ಬಗ್ಗಿ ನಡೆಯುವಷ್ಟೇ ಜಾಗ. ನೀರು ಸಿಕ್ಕಿತೆಂದರೆ ಪಂಪು ಬೇಡ, ಕರೆಂಟು ಬೇಡ, ತಾನಾಗಿ ಹರಿದು ಬರುತ್ತದೆ. ಮೊದಲು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳದ ತನಕ ತರುತ್ತಿದ್ದರು, ಈಗ ಪೈಪು. ಒಂದೇ ಸುರಂಗದ ನೀರನ್ನು ಎರಡು ಮೂರು ಮನೆಯವರು ಹೇಗೆ ಹಂಚಿಕೊಳ್ಳುತ್ತಾರೆ, ಜಾಗ ಪಾಲಾದಾಗ ನೀರಿನ ಹಕ್ಕು ಎಂತಾಗ್ತದೆ, ಬೋರ್‌ವೆಲ್ ಬಂದ ಮೇಲೆ ಯಾರು ಬಿಟ್ಟರು, ಯಾರು ಉಳಿಸಿಕೊಂಡರು. ಇದು ನನ್ನ ಡೆಸರ್ಟೇಶನ್. ಕಿರುಚಿತ್ರದಲ್ಲಿ ನಮ್ಮ ಅಜ್ಜನೂ ಅವರ ಜೊತೆ ಪಿಕ್ಕಾಸು ಹಿಡಿದವರೂ ಮಾತಾಡುತ್ತಾರೆ.

ತೊಂದರೆ ಏನಂದರೆ, ಡೆಸರ್ಟೇಶನ್ ಇಂಗ್ಲಿಷಿನಲ್ಲೇ ಇರಬೇಕು ಅಂತ ವಿಭಾಗದ ನಿಯಮ. ಕೆಲಸ ಮುಗಿದ ಮೇಲೆ ಅದು ಲೈಬ್ರರಿಯ ರೆಪೊಸಿಟರಿಗೆ (ಆನ್‌ಲೈನ್ ಸಂಗ್ರಹಕ್ಕೆ) ಹೋಗ್ತದೆ. ಲಾಗಿನ್ ಇದ್ದವರಿಗೆ ಮಾತ್ರ ಕಾಣ್ತದೆ. ನಾನು ಪಾಸಾಗಿ ಹೊರಗೆ ಬಂದರೆ ನನಗೇ ಕಾಣುವುದಿಲ್ಲ! ಮೊನ್ನೆ ಅಜ್ಜ ಕೇಳಿದರು, "ಇಷ್ಟೆಲ್ಲ ಕೇಳಿ ಬರ್ಕೊಂಡಿಯಲ್ಲ, ಬರೆದದ್ದು ನಮಗೆ ಕಾಣ್ಲಿಕ್ಕೆ ಸಿಗ್ತದಾ?" ನನಗೆ ಉತ್ತರ ಕೊಡಲಿಕ್ಕೆ ಆಗಲಿಲ್ಲ.

ಮತ್ತೆ ಒಂದು. ಸುರಂಗ ತೋಡುವ ಮೊದಲು ದೈವಕ್ಕೆ ಹೇಳಿಕೊಳ್ಳುವ ಕ್ರಮ ನಮ್ಮ ಮನೆಯಲ್ಲಿದೆ. ಅದನ್ನು ಬರೆದರೆ ಪಾದ್ರಿಗಳ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕಟ್ ಮಾಡ್ತಾರೆ ಅಂತ ನೆಂಟರು ಹೆದರಿಸ್ತಿದ್ದಾರೆ. ನನ್ನ ಗೈಡ್ ಒಬ್ಬರು ಸಿಸ್ಟರ್, ಕ್ರೈಸ್ತ ಸನ್ಯಾಸಿನಿ. ಅವರು ಇಷ್ಟರವರೆಗೆ ಅಂಥದ್ದೇನೂ ಹೇಳಿಲ್ಲ.

ಈ ದಾರಿಯಲ್ಲಿ ಹೋಗಿಬಂದವರು ಯಾರಾದರೂ ಇದ್ದರೆ ಹೇಳಿ.

ಕುಂಬಳೆ ಪ್ಯಾಸೆಂಜರ್

ಮೊದಲು ಇಷ್ಟು ಹೇಳಿ. ಬೆಂಗಳೂರಿಗೆ ಯಾಕೆ ಹೋದದ್ದು? ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ಇದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಕನ್ನಡ ವಿಭಾಗ ಇದೆ. ಅಲ್ಲಿ ಸೇರಿದ್ದರೆ ಚಂದಕ್ಕೆ ಕನ್ನಡದಲ್ಲೇ ಬರೆಯಬಹುದಿತ್ತು.

ಬಾಯಾರು_ಹುಡುಗಿ

ಅಣ್ಣ, ನನಗೆ ಬೇಕಾಗಿದ್ದದ್ದು ಮಾಧ್ಯಮದ ಕೋರ್ಸು. ಕ್ಯಾಮರಾ, ಎಡಿಟಿಂಗ್, ಸಂಶೋಧನೆ ಎಲ್ಲ ಒಟ್ಟಿಗೆ ಸಿಗುವುದು ಅಲ್ಲಿ ಅಂತ ಹೋದೆ. ಅದರಲ್ಲಿ ನನಗೆ ಬೇಸರ ಇಲ್ಲ. ಕಲಿಸುವವರು ಒಳ್ಳೆಯವರು.

ಗಡಿನಾಡ_ಮಿಡಿ

ನಿಮ್ಮ ನೆಂಟರು ಹೇಳಿದ್ದು ಪೂರಾ ಸುಳ್ಳಲ್ಲ. ಅಂಥ ಸಂಸ್ಥೆಗಳಲ್ಲಿ ದೈವ, ಭೂತ ಅಂದರೆ ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಹುಷಾರಾಗಿರಿ.

ಬೇಳದವಳು

ನಾನು ಬೇಳದ ಇಗರ್ಜಿಯ ಹತ್ತಿರದವಳು, ಕೊಂಕಣಿ ಕ್ರಿಶ್ಚಿಯನ್. ಗಡಿನಾಡ_ಮಿಡಿ ಅವರೇ, ನೀವು ಅಂಥ ಕಾಲೇಜಿನಲ್ಲಿ ಓದಿದ್ದೀರಾ? ನಾನು ಓದಿದ್ದೇನೆ, ಈಗ ಕಲಿಸ್ತಲೂ ಇದ್ದೇನೆ. ನನ್ನ ಜೊತೆ ಓದಿದ ಹುಡುಗ ಭೂತಕೋಲದ ವೇಷದ ಬಣ್ಣಗಳ ಮೇಲೆ ಪ್ರಾಜೆಕ್ಟ್ ಮಾಡಿದ. ವೈವಾದಲ್ಲಿ ಫಾದರ್ ಕೇಳಿದ್ದು ಒಂದೇ ಪ್ರಶ್ನೆ, "ಬಣ್ಣ ಎಲ್ಲಿಂದ ತರ್ತಾರೆ, ಎಷ್ಟು ಹೊತ್ತು ಹಚ್ಚುತ್ತಾರೆ, ನೀನು ಕೂತು ನೋಡಿದ್ದೀಯಾ?" ನೋಡಿದ್ದೇನೆ ಅಂದ. ಒಳ್ಳೆ ಮಾರ್ಕ್ ಬಂತು.

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ನಡೆಸುವ ಹಕ್ಕು ಕೊಡುತ್ತದೆ. 28(3)ನೇ ವಿಧಿ ಓದುವ ಮಕ್ಕಳನ್ನು ಕಾಯುತ್ತದೆ. ಸರ್ಕಾರದ ಮಾನ್ಯತೆ ಇರುವ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೋ ಪ್ರಾರ್ಥನೆಗೋ ಕೂರಿಸುವ ಹಾಗಿಲ್ಲ. ಎರಡೂ ಒಟ್ಟಿಗೇ ಇರುವ ವಿಷಯ. ನೆಂಟರಿಗೆ ಇದನ್ನು ಹೇಳಿ.

ಪೆರ್ಲದ ಮಾಷ್ಟ್ರು

ಬೇಳದ ಅಕ್ಕ ಹೇಳಿದ್ದು ಸರಿ. ಚರಿತ್ರೆ ನೋಡಿದರೂ ಹಾಗೇ. ಸ್ವಿಜರ್ಲ್ಯಾಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಆಗಸ್ಟ್ ಮ್ಯಾನರ್ 1886ರಲ್ಲಿ ತುಳು–ಇಂಗ್ಲಿಷ್ ನಿಘಂಟು ತಂದರು, ಅದೇ ವರ್ಷ ಪಾಡ್ದನಗಳ, ಅಂದರೆ ದೈವಗಳ ಕಥೆ ಹೇಳುವ ತುಳು ಹಾಡುಗಳ, ಸಂಗ್ರಹವನ್ನೂ ಅಚ್ಚು ಹಾಕಿಸಿದರು. ಭೂತಗಳ ಪಾಡ್ದನ ಮೊದಲು ಪುಸ್ತಕ ಆದದ್ದು ಒಬ್ಬ ಪಾದ್ರಿಯ ಕೈಯಲ್ಲಿ! ಇದನ್ನು ನಿಮ್ಮ ಡೆಸರ್ಟೇಶನ್ನಿನ ಹಿಂದಿನ ಅಧ್ಯಯನಗಳ ಭಾಗದಲ್ಲಿ ಬರೆಯಿರಿ. ಯಾರೂ ಮಾತಾಡುವುದಿಲ್ಲ.

ಮುಳ್ಳೇರಿಯದವ

ಹೌದು, ಕಿಟೆಲ್ ಕನ್ನಡದ ಮೊದಲ ಪತ್ರಿಕೆ ಮಾಡಿದ್ದೂ ಮಂಗಳೂರಿನಲ್ಲೇ ಅಲ್ವಾ.

ಪೆರ್ಲದ ಮಾಷ್ಟ್ರು

ಅಲ್ಲ ಮಾರಾಯ್ರೆ. 'ಮಂಗಳೂರ ಸಮಾಚಾರ' ತಂದದ್ದು ಹರ್ಮನ್ ಮೋಗ್ಲಿಂಗ್, 1843ರ ಜುಲೈ 1ಕ್ಕೆ. ಕಿಟೆಲ್ ಇಂಡಿಯಾಕ್ಕೆ ಬಂದದ್ದೇ 1853ರಲ್ಲಿ. ಅವರ ನಿಘಂಟು 1894ರದ್ದು. ಗುಂಡರ್ಟ್ ಬೇರೆ, ತಲಶ್ಶೇರಿಯಲ್ಲಿದ್ದವರು, ಮಲಯಾಳಂ ನಿಘಂಟು ಮಾಡಿದವರು. ಈ ಮೂವರನ್ನು ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಯಾವಾಗಲೂ ಕಲಸಿ ಬರೆಯುತ್ತಾರೆ.

ಗಡಿನಾಡ_ಮಿಡಿ

ಮಾಷ್ಟ್ರೇ, ಅದೇ ಪಾದ್ರಿಗಳು ನಮ್ಮ ದೈವಗಳನ್ನು ಪಿಶಾಚಿ ಅಂತ ಕರೆದದ್ದನ್ನೂ ಹೇಳಿ. ಪಾಡ್ದನ ಹಾಡಿದವರ ಹೆಸರು ಎಲ್ಲಿದೆ? ಹಾಡಿದವರು ನಮ್ಮವರು, ಕಾಗದ ಹೋಗಿ ಕೂತದ್ದು ಜರ್ಮನಿಯಲ್ಲಿ, ಸ್ವಿಜರ್ಲ್ಯಾಂಡಿನಲ್ಲಿ. ನಮ್ಮ ಮುತ್ತಜ್ಜಂದಿರು ಹೇಳಿದ್ದನ್ನು ಓದಬೇಕಾದರೆ ನಾವು ಬಾಸೆಲ್‌ಗೆ ಹೋಗಬೇಕಾ?

ಪೆರ್ಲದ ಮಾಷ್ಟ್ರು

ಅವರು ಹಾಗೆ ಕರೆದದ್ದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಹಾಡಿದವರ ಹೆಸರು ಬರೆಯದೆ ಇದ್ದದ್ದು ದೊಡ್ಡ ಅನ್ಯಾಯ. ಈ ಹುಡುಗಿ ಕಲಿಯಬೇಕಾದ್ದೂ ಅದನ್ನೇ. ಆದರೆ ಬಾಸೆಲ್‌ಗೆ ಹೋಗಬೇಕಾಗಿಲ್ಲ. ಟ್ಯೂಬಿಂಗನ್ ವಿಶ್ವವಿದ್ಯಾಲಯದವರು ಗುಂಡರ್ಟ್ ಪೋರ್ಟಲ್ ಅಂತ ಮಾಡಿ ಹಳೆಯ ಮಲಯಾಳಂ, ಕನ್ನಡ, ತುಳು ಪುಸ್ತಕಗಳನ್ನು ಸ್ಕ್ಯಾನ್ ಮಾಡಿ 2018ರಲ್ಲಿ ಎಲ್ಲರಿಗೂ ತೆರೆದಿದ್ದಾರೆ. ದುಡ್ಡಿಲ್ಲ, ಲಾಗಿನ್ ಇಲ್ಲ. ಬಾಸೆಲ್ ಮಿಶನ್ನಿನ ಹಳೆಯ ಫೋಟೋಗಳೂ ಆನ್‌ಲೈನ್ ಇವೆ. ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪ್ರಾಚ್ಯ ಸಂಗ್ರಹ ನಮಗೆ ರೈಲಿನ ದೂರ ಅಷ್ಟೇ.

ಪುಸ್ತಕದ ಹುಳು

ನಾನು ಲೈಬ್ರರಿಯನ್. ವಿಷಯ ಬೇರೆ ಕಡೆ ಹೋಗುವ ಮೊದಲು ಈ ತಂಗಿಯ ಪ್ರಶ್ನೆಗೆ ಬರುತ್ತೇನೆ.

ಪಿಎಚ್.ಡಿ. ಪ್ರಬಂಧ ಆದರೆ ಸುಲಭ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಎಂಬ ಆನ್‌ಲೈನ್ ಸಂಗ್ರಹಕ್ಕೆ ಹೋಗ್ತದೆ, ಯಾರು ಬೇಕಾದರೂ ಓದಬಹುದು. ಕನ್ನಡದ ಪ್ರಬಂಧಗಳೂ ಅಲ್ಲಿವೆ. ಆದರೆ ಎಂ.ಎ., ಬಿ.ಎ. ಡೆಸರ್ಟೇಶನ್ ಅಲ್ಲಿಗೆ ಹೋಗುವುದಿಲ್ಲ. ಅದು ಆಯಾ ವಿಶ್ವವಿದ್ಯಾಲಯದ ಇಷ್ಟ. ಎಷ್ಟೋ ಕಡೆ ಸ್ಪೈರಲ್ ಬೈಂಡ್ ಮಾಡಿದ ಪ್ರತಿಯನ್ನು ಕೆಲವು ವರ್ಷ ಇಟ್ಟು ಜಾಗ ಇಲ್ಲ ಅಂತ ತೂಕಕ್ಕೆ ಹಾಕುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅದರಲ್ಲಿ ಎಂಥೆಂಥ ಕೆಲಸ ಇರ್ತದೆ ಗೊತ್ತಾ? ಬೇರೆ ಎಲ್ಲೂ ಸಿಗದ ಊರಿನ ಮಾಹಿತಿ, ಹಳಬರ ಮಾತು. ಅವರು ಈಗ ತೀರಿಕೊಂಡೂ ಇರುತ್ತಾರೆ.

ರೆಪೊಸಿಟರಿಗೆ ಕೊಡುವಾಗ ಒಂದು ಫಾರ್ಮ್‌ಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಹೆಚ್ಚಿನವರು ಓದದೆ ಸಹಿ ಹಾಕುತ್ತಾರೆ. ನೀವು ಓದಿ. ಎಲ್ಲರಿಗೂ ತೆರೆದಿಡುವುದು, ಕ್ಯಾಂಪಸ್ಸಿನೊಳಗೆ ಮಾತ್ರ ಇಡುವುದು, ಇಷ್ಟು ಸಮಯದ ನಂತರ ತೆರೆಯುವುದು ಅಂತ ಆಯ್ಕೆಗಳು ಇರಬಹುದು. ಇಲ್ಲದಿದ್ದರೆ ಲೈಬ್ರರಿಯನ್‌ಗೆ ಒಂದು ಪತ್ರ ಬರೆದು ಕೇಳಿ. ಮಕ್ಕಳು ಕೇಳುವುದೇ ಇಲ್ಲ, ಅದಕ್ಕೇ ಯಾರೂ ಕೊಡುವುದಿಲ್ಲ.

ಓಹಿಯೋ_ಕನ್ನಡಿಗ

ಪುತ್ತಿಗೆ ಕಡೆಯವನು, ಈಗ ಅಮೆರಿಕದಲ್ಲಿದ್ದೇನೆ. ಇಲ್ಲಿಯ ಕ್ರೈಸ್ತ ವಿಶ್ವವಿದ್ಯಾಲಯಗಳು ಈ ವಿಷಯದಲ್ಲಿ ಮುಂದೆ ಇವೆ. ನಮ್ಮ ಓಹಿಯೋದ ಸೀಡರ್‌ವಿಲ್ ವಿಶ್ವವಿದ್ಯಾಲಯ ಬ್ಯಾಪ್ಟಿಸ್ಟ್ ಹಿನ್ನೆಲೆಯದು. ಅಲ್ಲಿ ವಿದ್ಯಾರ್ಥಿಗಳ ಸಂಶೋಧನೆಗೆ ವರ್ಷವರ್ಷ ಒಂದು ಸಮ್ಮೇಳನ ಮಾಡುತ್ತಾರೆ. ಇಂಜಿನಿಯರಿಂಗ್, ನರ್ಸಿಂಗ್, ಬೈಬಲ್ ಅಧ್ಯಯನ ಎಲ್ಲ ಒಂದೇ ಕಡೆ. ಆ ಕೆಲಸಗಳನ್ನು ಲೈಬ್ರರಿಯ ಡಿಜಿಟಲ್ ಸಂಗ್ರಹದಲ್ಲಿ ಹಾಕುತ್ತಾರೆ. ವರ್ಜೀನಿಯಾದ ಲಿಬರ್ಟಿ ವಿಶ್ವವಿದ್ಯಾಲಯದಲ್ಲೂ ಹಾಗೇ, ಪದವಿ ಓದುವ ಮಕ್ಕಳ ಆನರ್ಸ್ ಪ್ರಬಂಧಗಳು ಸಹ ಆನ್‌ಲೈನ್ ಸಿಗ್ತವೆ. ಇಪ್ಪತ್ತು ಇಪ್ಪತ್ತೊಂದು ವರ್ಷದವರು ಬರೆದದ್ದನ್ನು ಕಾಸರಗೋಡಿನಲ್ಲಿ ಕೂತು ಓದಬಹುದು. ನಮ್ಮ ಮಕ್ಕಳು ಕಾಸರಗೋಡಿನ ಬಗ್ಗೆ ಬರೆದದ್ದು ಮಾತ್ರ ಕಾಸರಗೋಡಿಗೆ ಸಿಗುವುದಿಲ್ಲ.

ನೀರ್ಚಾಲು_ಭಟ್ರು

ಅಮೆರಿಕದ್ದನ್ನು ಎತ್ತಿ ನಮ್ಮವರನ್ನು ಬೈಯುವುದು ಬೇಡ. ಅಲ್ಲಿ ಹಣ ಇದೆ, ಜನ ಇದ್ದಾರೆ. ಮತ್ತೆ ಎಲ್ಲವನ್ನೂ ಹೊರಗೆ ಹಾಕುವುದು ಒಳ್ಳೆಯದು ಅಂತ ಯಾರು ಹೇಳಿದ್ದು? ಎಂ.ಎ. ಮಕ್ಕಳ ಕೆಲಸ ಅರ್ಧ ಅಲ್ಲಿಂದ ಇಲ್ಲಿಂದ ಎತ್ತಿದ್ದು.

ಪುಸ್ತಕದ ಹುಳು

ಭಟ್ರೇ, ಎತ್ತಿದ್ದನ್ನು ಹಿಡಿಯಲಿಕ್ಕೆ ನಿಯಮ ಇದೆ. ಯುಜಿಸಿಯ 2018ರ ನಿಯಮದಲ್ಲಿ ಹೋಲಿಕೆ 10 ಶೇಕಡಾದ ತನಕ ಇದ್ದರೆ ಶಿಕ್ಷೆ ಇಲ್ಲ. ಅದರಿಂದ ಮೇಲೆ ಹೋದರೆ ಹಂತಹಂತವಾಗಿ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಕಪಾಟಿನೊಳಗೆ ಮುಚ್ಚಿಟ್ಟರೆ ಕದಿಯುವುದು ಸುಲಭ ಆಗ್ತದೆ. ಹಿಂದಿನ ವರ್ಷದವರದ್ದನ್ನು ಹೆಸರು ಬದಲಿಸಿ ಕೊಟ್ಟರೆ ಯಾರಿಗೆ ಗೊತ್ತಾಗ್ತದೆ? ಎಲ್ಲರ ಕಣ್ಣಿಗೆ ಬೀಳ್ತದೆ ಅಂದರೆ ಬರೆಯುವವರೂ ಜಾಗ್ರತೆ ಮಾಡುತ್ತಾರೆ.

ಸ್ವರ್ಗ_ಪಡ್ರೆ

ನಾನು ಬೇರೆ ವಿಷಯ ಹೇಳಬೇಕು. ನಮ್ಮದು ಎಣ್ಮಕಜೆ ಪಂಚಾಯತ್, ಪಡ್ರೆ ಗ್ರಾಮ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ದ ತನಕ. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ನಿಲ್ಲಿಸಿತು. ನಡುವೆಯೂ ಆಮೇಲೂ ನಮ್ಮ ಊರಿಗೆ ಬಂದ ವಿದ್ಯಾರ್ಥಿಗಳಿಗೆ ಲೆಕ್ಕ ಇಲ್ಲ. ಸೋಶಿಯಲ್ ವರ್ಕಿನವರು, ಜರ್ನಲಿಸಂನವರು, ಫೋಟೋಗ್ರಫಿಯವರು. ಸರ್ಕಾರಿ ಕಾಲೇಜು, ಕ್ರೈಸ್ತ ಕಾಲೇಜು, ಎಲ್ಲರೂ. ನಮ್ಮ ಪಕ್ಕದ ಮನೆಯಲ್ಲಿ ಮಲಗಿದಲ್ಲೇ ಇದ್ದ ಮಗುವಿನ ಫೋಟೋ ತೆಗೆಯುವಾಗ ತಾಯಿಯನ್ನು "ಸ್ವಲ್ಪ ಈ ಕಡೆ ತಿರುಗಿ" ಅಂತ ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಫೋಟೋ ಎಲ್ಲಿ ಹೋಯಿತು, ಯಾವ ಪ್ರದರ್ಶನದಲ್ಲಿ ತೂಗು ಹಾಕಿದರು, ಯಾರಿಗೆ ಬಹುಮಾನ ಬಂತು, ಆ ತಾಯಿಗೆ ಗೊತ್ತಿಲ್ಲ. ಈಗ ಕ್ಯಾಮರಾ ಕಂಡರೆ ಬಾಗಿಲು ಹಾಕುತ್ತಾರೆ.

ಸಂಶೋಧನೆ ಬೇಡ ಅಂತ ನಾನು ಹೇಳುವುದಿಲ್ಲ. ಡಾಕ್ಟರು ಲೆಕ್ಕ ಇಟ್ಟು, ಪತ್ರಕರ್ತರು ಬರೆದು, ಅಧ್ಯಯನಗಳು ಆದದ್ದಕ್ಕೇ ವಿಷ ನಿಂತದ್ದು. ಆದರೆ ಬಂದವರು ಬರೆದದ್ದನ್ನು ಒಂದು ಸಲ ತಂದು ತೋರಿಸಬೇಕು. "ನೀವು ಹೇಳಿದ್ದು ಹೀಗೆ ಬರೆದಿದ್ದೇನೆ, ಸರಿಯಾ?" ಅಂತ ಕೇಳಬೇಕು. ಇಷ್ಟೂ ಮಾಡದವರು ನಮ್ಮ ಮೆಟ್ಟಿಲು ಹತ್ತುವುದು ಬೇಡ. ಬಾಯಾರಿನ ತಂಗಿ ಕೇಳುತ್ತಿದ್ದಾಳಲ್ಲ, ಅದಕ್ಕೇ ನನಗೆ ಸಂತೋಷ ಆಯಿತು.

ಬಾಯಾರು_ಹುಡುಗಿ

ಅಕ್ಕ, ಇದನ್ನು ಓದಿ ಕಣ್ಣು ತುಂಬಿತು. ಪಡ್ರೆಯಲ್ಲೂ ಸುರಂಗ ಜಾಸ್ತಿ ಇದೆ ಅಂತ ಅಲ್ಲಿಗೂ ಬರುವ ಯೋಚನೆ ಇತ್ತು. ಬಂದರೆ ಮೊದಲು ಕ್ಯಾಮರಾ ಇಲ್ಲದೆ ಬರುತ್ತೇನೆ.

ಕುಂಬಳೆ ಪ್ಯಾಸೆಂಜರ್

ಪಡ್ರೆ ಅಂದಾಗ ನೆನಪಾಯಿತು. ಪತ್ರಕರ್ತ ಶ್ರೀಪಡ್ರೆಯವರು ಎಂಡೋಸಲ್ಫಾನ್ ಬಗ್ಗೆಯೂ ಬರೆದವರು, ಸುರಂಗ, ನೆಲಜಲದ ಬಗ್ಗೆಯೂ ಬರೆದವರು. ಅವರ ಲೇಖನಗಳನ್ನು ಓದದೆ ನೀವು ಒಂದು ಸಾಲೂ ಬರೆಯಬೇಡಿ. 'ಅಡಿಕೆ ಪತ್ರಿಕೆ' 1988ರಿಂದ ಬರುತ್ತಿದೆ, ಅದರಲ್ಲಿ ಕೃಷಿಕರೇ ಬರೆಯುತ್ತಾರೆ. ನಿಮ್ಮ ಡೆಸರ್ಟೇಶನ್ನಿನ ಸಾರವನ್ನು ಕನ್ನಡದಲ್ಲಿ ಎರಡು ಪುಟ ಮಾಡಿ ಅಲ್ಲಿಗೆ ಕಳಿಸಿ. ಲಾಗಿನ್ ಬೇಡ, ಅಂಚೆಯವರು ಮನೆಗೇ ತರುತ್ತಾರೆ.

ಮುಳ್ಳೇರಿಯದವ

ಅಮೈ ಮಹಾಲಿಂಗ ನಾಯ್ಕರನ್ನು ನೋಡಿದ್ದೀರಾ? ಅಡ್ಯನಡ್ಕದ ಹತ್ತಿರ. ಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ ನೀರು ತಂದು ತೋಟ ಮಾಡಿದವರು. 2022ರಲ್ಲಿ ಪದ್ಮಶ್ರೀ ಬಂತು. ನಿಮಗೆ ಹತ್ತಿರವೇ.

ನೀರ್ಚಾಲು_ಭಟ್ರು

ಎಲ್ಲರೂ ಅವರ ಮನೆಗೇ ಹೋಗುತ್ತಾರೆ. ಪ್ರಶಸ್ತಿ ಬರದೆ ಇದ್ದವರ ಹತ್ತಿರ ಹೋಗಿ. ನಮ್ಮ ಊರಿನಲ್ಲಿ ಎಷ್ಟು ಜನ ಪಿಕ್ಕಾಸಿನಲ್ಲಿ ಸೊಂಟ ಮುರಿದುಕೊಂಡರು. ಮತ್ತೆ ಸುರಂಗವನ್ನು ಸುಮ್ನೆ ಹೊಗಳಿ ಬರೆಯಬೇಡಿ. ಒಳಗೆ ಗಾಳಿ ಕಡಿಮೆ, ಮೇಲಿಂದ ಮಣ್ಣು ಜರಿಯುತ್ತದೆ. ಈಗ ತೋಡಲಿಕ್ಕೆ ಜನ ಇಲ್ಲ, ಸಂಬಳ ಕೊಟ್ಟು ಮುಗಿಯುವುದಿಲ್ಲ. ಏಪ್ರಿಲಿನಲ್ಲಿ ಬೆರಳು ದಪ್ಪದ ನೀರು ಬಂದರೆ ಅದರಲ್ಲಿ ತೋಟ ಉಳಿಯುತ್ತದಾ? ಬೋರ್ ಹಾಕಿದವರನ್ನು ಕೆಟ್ಟವರು ಅಂತ ತೋರಿಸಿದರೆ ನಾನೇ ಬಂದು ಜಗಳ ಮಾಡ್ತೇನೆ.

ಬಾಯಾರು_ಹುಡುಗಿ

ಭಟ್ರೇ, ಬನ್ನಿ, ಜಗಳ ಮಾಡಿ, ಅದನ್ನೂ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ನನಗೆ ಅಂಥ ಮಾತು ಬೇಕು. ಅಜ್ಜನೂ ಇದನ್ನೇ ಹೇಳುತ್ತಾರೆ. ಒಳಗೆ ಹೋಗುವಾಗ ಮುಂದೆ ಮೊಂಬತ್ತಿ ಇಟ್ಟುಕೊಳ್ಳುತ್ತಿದ್ದರಂತೆ, ಜ್ವಾಲೆ ಕುಗ್ಗಿತೆಂದರೆ ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರುವುದು. ಉದ್ದ ಜಾಸ್ತಿ ಆದರೆ ಮೇಲಿಂದ ಗಾಳಿಗೆ ಒಂದು ಗುಂಡಿ ಇಳಿಸಬೇಕು. ಅಳತೆ ಈಗಲೂ ಕೋಲಿನಲ್ಲೇ. ಒಂದು ಕೋಲು ಅಂದರೆ ಎರಡೂವರೆ ಅಡಿ ಹತ್ತಿರ. ಗೋಡೆಯಲ್ಲಿ ಪಿಕ್ಕಾಸಿನ ಗುರುತು ಒಂದೇ ಓರೆಗೆ ಇರ್ತದೆ. ಒಂದು ಕಡೆ ಓರೆ ಬದಲಾಗ್ತದೆ. ಅದನ್ನು ಮುಟ್ಟಿ ಅಜ್ಜ ಹೇಳಿದರು, "ಇಲ್ಲಿಂದ ಒಳಗೆ ತೋಡಿದ್ದು ನನ್ನ ತಮ್ಮ, ಅವನು ಎಡಚ." ಇಂಥದ್ದನ್ನು ಇಂಗ್ಲಿಷಿನಲ್ಲಿ ಬರೆದು ಲಾಗಿನ್ ಒಳಗೆ ಇಡಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ.

ನೀರ್ಚಾಲು_ಭಟ್ರು

ಎಡಚನ ವಿಷಯ ಚಂದ ಉಂಟು. ಬರ್ತೇನೆ ಹಾಗಾದರೆ.

ಪೆರ್ಲದ ಮಾಷ್ಟ್ರು

ಮಗಳೇ, ನಿನಗೆ ಇದು ಬೇಸರ ಆಗಬಹುದು, ಆದರೂ ಹೇಳುತ್ತೇನೆ. ಡೆಸರ್ಟೇಶನ್ ಇಂಗ್ಲಿಷಿನಲ್ಲೇ ಚೆನ್ನಾಗಿ ಬರೆ. ಅದು ನಿನ್ನ ಮುಂದಿನ ಓದಿಗೆ, ಕೆಲಸಕ್ಕೆ ಬೇಕು. ನಿಯಮದ ಜೊತೆ ಈಗ ಜಗಳ ಆಡಿದರೆ ಹೋಗುವುದು ನಿನ್ನ ಸಮಯ. ಗಡಿನಾಡಿನ ಮಕ್ಕಳು ಮೂರು ನಾಲ್ಕು ಭಾಷೆ ಬಲ್ಲವರು, ಅದನ್ನು ಉಪಯೋಗಿಸಿಕೋ. ಸಂದರ್ಶನಗಳನ್ನು ಆಡಿದ ಹಾಗೇ ಕನ್ನಡ ಲಿಪಿಯಲ್ಲಿ ಬರೆದು ಅನುಬಂಧವಾಗಿ ಸೇರಿಸು. ತುಳು ತುಳುವಾಗಿ, ಹವ್ಯಕ ಹವ್ಯಕವಾಗಿ ಇರಲಿ. ಹೆಚ್ಚಿನ ಕಡೆ ಅನುಬಂಧಕ್ಕೆ ಭಾಷೆಯ ನಿರ್ಬಂಧ ಇರುವುದಿಲ್ಲ. ಸಿಸ್ಟರ್ ಹತ್ತಿರ ಕೇಳಿ ನೋಡು.

ಗಡಿನಾಡ_ಮಿಡಿ

ಮಾಷ್ಟ್ರೇ, ನೀವೇ ಹೀಗೆ ಹೇಳಿದರೆ ಹೇಗೆ? ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಾವು ಇದನ್ನೇ ಕೇಳುತ್ತಿದ್ದೇವೆ. ಈಗ ಹೊಂದಿಕೊಂಡು ಹೋಗಿ, ಆಮೇಲೆ ನೋಡುವ ಅಂತ. ಗಡಿ ವಿವಾದದ ಮಹಾಜನ ವರದಿ ಬಂತು, ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಅಂದಿತು, ಎಂತ ಆಯಿತು? ಊರಿನಲ್ಲಿ ಮಲಯಾಳಂ ಮಾಡಿ ಅನ್ನುತ್ತಾರೆ, ಬೆಂಗಳೂರಿಗೆ ಹೋದರೆ ಇಂಗ್ಲಿಷ್ ಮಾಡಿ ಅನ್ನುತ್ತಾರೆ. ಕನ್ನಡದ ರಾಜಧಾನಿಯಲ್ಲಿ ಕನ್ನಡದಲ್ಲಿ ಡೆಸರ್ಟೇಶನ್ ಬರೆಯಲಿಕ್ಕೆ ಆಗದಿದ್ದರೆ ಇನ್ನೆಲ್ಲಿ ಬರೆಯುವುದು?

ಕುಂಬಳೆ ಪ್ಯಾಸೆಂಜರ್

ಮಹಾಜನ ವರದಿ ಬಂತು ಅಂದರೆ ಈ ಚರ್ಚೆ ಇವತ್ತಿಗೆ ಮುಗಿಯುವುದಿಲ್ಲ.

ಬೇಳದವಳು

ಮಿಡಿಯವರ ಸಿಟ್ಟು ನನಗೆ ಅರ್ಥ ಆಗ್ತದೆ. ಕೇಳುವುದರಲ್ಲಿ ತಪ್ಪಿಲ್ಲ, ಕೇಳಬೇಕು. ಆದರೆ ಬೆಂಗಳೂರಿನ ಕ್ರೈಸ್ತ ಸಂಸ್ಥೆಗಳಲ್ಲಿ ಕನ್ನಡವೇ ಇಲ್ಲ ಅಂತ ತಿಳಿಯಬೇಡಿ. ಕ್ರೈಸ್ಟ್ ಕಾಲೇಜು 1969ರಲ್ಲಿ ಸಿ.ಎಂ.ಐ. ಎಂಬ ಕ್ಯಾಥೊಲಿಕ್ ಸಭೆಯ ಪಾದ್ರಿಗಳು ಶುರು ಮಾಡಿದ್ದು, 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ ಆಯಿತು. ಅಲ್ಲಿಯ ಕನ್ನಡ ಸಂಘವನ್ನು ಚಿ. ಶ್ರೀನಿವಾಸರಾಜು ಮೇಷ್ಟ್ರು ಕಟ್ಟಿ ಬೆಳೆಸಿದರು. ಬೇಂದ್ರೆ ಸ್ಮೃತಿ ಕವನ ಸ್ಪರ್ಧೆ ಅಂತ ಬೇರೆ ಬೇರೆ ಕಾಲೇಜಿನ ಮಕ್ಕಳಿಗೆ ಮಾಡಿ, ಆಯ್ದ ಕವನಗಳನ್ನು ಪುಸ್ತಕ ಮಾಡುತ್ತಿದ್ದರು. ಇವತ್ತಿನ ಎಷ್ಟೋ ಕವಿಗಳ ಕವನ ಮೊದಲು ಪುಸ್ತಕದಲ್ಲಿ ಬಂದದ್ದು ಅಲ್ಲಿ. ವಿದ್ಯಾರ್ಥಿಯ ಬರಹವನ್ನು ಮಾರ್ಕಿಗೆ ನೋಡದೆ ಓದುಗರ ಕೈಗೆ ಕೊಟ್ಟರಲ್ಲ, ಅದೇ ದೊಡ್ಡದು. ಪಾದ್ರಿಗಳ ಕಾಲೇಜಿನಲ್ಲೇ ಆದ ಕೆಲಸ ಅದು. ಒಬ್ಬ ಮೇಷ್ಟ್ರು ಮನಸ್ಸು ಮಾಡಿದ್ದಕ್ಕೆ ಆಯಿತು.

ಮಂಗಳೂರಿನ ಅಲೋಶಿಯಸ್ ಕೂಡ ನೋಡಿ. 1880ರ ಕಾಲೇಜು, 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ. ಅವರ ಸಮುದಾಯ ರೇಡಿಯೋ 'ಸಾರಂಗ್' 107.8ರಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲ ಬರ್ತದೆ. ನಿಮ್ಮ ಅಜ್ಜನ ಮಾತನ್ನು ಅರ್ಧ ಗಂಟೆಯ ಧ್ವನಿ ಕಾರ್ಯಕ್ರಮ ಮಾಡಿ ಅವರಿಗೆ ತೋರಿಸಿ. ಹಾಕಿಕೊಂಡರೂ ಹಾಕಿಕೊಳ್ಳಬಹುದು.

ಪೆರ್ಲದ ಮಾಷ್ಟ್ರು

ಇನ್ನೊಂದು ಹೆಸರು ಸೇರಿಸುತ್ತೇನೆ. ಉತ್ತಂಗಿ ಚನ್ನಪ್ಪನವರು. ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ಓದಿ ಪಾದ್ರಿ ಆದವರು. ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದರು. 1949ರಲ್ಲಿ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಈ ಕಡೆ ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಏಸುವಿನ ಕೊನೆಯ ದಿನದ ಬಗ್ಗೆ 'ಗೊಲ್ಗೊಥಾ' ಬರೆದರು. ಅವರವರ ಧರ್ಮದ ಬೇಲಿಯೊಳಗೆ ನಿಂತು ಕೆಲಸ ಮಾಡಿದವರಲ್ಲ ಇವರು. ದೈವದ ಮಾತು ಬರೆದರೆ ಮಾರ್ಕ್ ಹೋಗ್ತದೆ ಅಂತ ಹೆದರಬೇಡ.

ವಿದ್ಯಾನಗರ_ವಕೀಲ

ಕಾನೂನಿನ ಕಡೆಯಿಂದ ಎರಡು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರೇ ಮೊದಲ ಮಾಲೀಕರು. ಕೆಲಸಕ್ಕಿದ್ದು ಸಂಬಳಕ್ಕೆ ಬರೆದರೆ ಬೇರೆ. ವಿದ್ಯಾರ್ಥಿ ನೌಕರ ಅಲ್ಲ. ಹಾಗಾಗಿ ಡೆಸರ್ಟೇಶನ್ ನಿಮ್ಮದೇ, ನೀವು ಸಹಿ ಹಾಕಿ ಬರೆದುಕೊಡದಿದ್ದರೆ. ಲೈಬ್ರರಿಯವರು ಹೇಳಿದ ಫಾರ್ಮ್ ಇದಕ್ಕೇ ಮುಖ್ಯ. "ಇಟ್ಟುಕೊಳ್ಳಲು, ತೋರಿಸಲು ಅನುಮತಿ" ಅಂತ ಇದ್ದರೆ ಧೈರ್ಯವಾಗಿ ಹಾಕಿ. "ಎಲ್ಲ ಹಕ್ಕು ಸಂಸ್ಥೆಗೆ" ಅಂತ ಇದ್ದರೆ ಕೇಳಿ, ತಿದ್ದಿಸಿ. ಕಿರುಚಿತ್ರದ ವಿಷಯ ಸ್ವಲ್ಪ ಬೇರೆ. ಸಿನಿಮಾಕ್ಕೆ ಕಾಯ್ದೆಯಲ್ಲಿ ನಿರ್ಮಾಪಕರೇ ಕರ್ತೃ. ವಿಶ್ವವಿದ್ಯಾಲಯ ಹಣ ಹಾಕಿದ್ದರೆ ಮೊದಲೇ ಬರೆಸಿಕೊಳ್ಳಿ.

ಎರಡನೆಯದ್ದು ಯಾರೂ ಹೇಳಿಲ್ಲ. ನಿಮ್ಮ ಚಿತ್ರದಲ್ಲಿ ಯಾರಾದರೂ ಪಾಡ್ದನ ಹಾಡಿದರೆ ಹಾಡಿದವರಿಗೂ ಹಕ್ಕಿದೆ. 38ನೇ ಕಲಮಿನಲ್ಲಿ ಪ್ರದರ್ಶಕರ ಹಕ್ಕು ಅಂತಲೇ ಇದೆ. ಒಪ್ಪಿಗೆ ತೆಗೆದುಕೊಂಡು, ಹೆಸರು ಹಾಕಿ.

ಬೇಳದವಳು

ಒಪ್ಪಿಗೆ ಪತ್ರದ ಬಗ್ಗೆ ನಾನು ಕಂಡದ್ದನ್ನು ಹೇಳುತ್ತೇನೆ. ವಿಶ್ವವಿದ್ಯಾಲಯದ ನೈತಿಕ ಸಮಿತಿ ಕೊಟ್ಟ ಇಂಗ್ಲಿಷ್ ಫಾರ್ಮ್ ಹಿಡಿದುಕೊಂಡು ನನ್ನ ವಿದ್ಯಾರ್ಥಿ ಒಬ್ಬ ಬದಿಯಡ್ಕದ ಕಡೆ ಒಂದು ಮನೆಗೆ ಹೋದ. ಅಜ್ಜಿ ಅಷ್ಟು ಹೊತ್ತು ಚಂದ ಮಾತಾಡುತ್ತಿದ್ದವರು ಕಾಗದ ಕಂಡದ್ದೇ ಕೈ ಹಿಂದೆ ತೆಗೆದುಕೊಂಡರು. "ಇದಕ್ಕೆ ಹೆಬ್ಬೆಟ್ಟು ಹಾಕಿದರೆ ಜಾಗ ಹೋಗ್ತದಾ ಮಗಾ?" ಅಂತ ಕೇಳಿದರಂತೆ. ಯಾಕೆ ಕೇಳುವುದಿಲ್ಲ? ಈ ಕಡೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಜಾಗ ಕಳಕೊಂಡವರು ಇದ್ದಾರೆ. ಆಮೇಲೆ ಸಮಿತಿಗೆ ಹೇಳಿ ಬಾಯಿಮಾತಿನ ಒಪ್ಪಿಗೆ ರೆಕಾರ್ಡ್ ಮಾಡಲಿಕ್ಕೆ ಅನುಮತಿ ತೆಗೆದುಕೊಂಡೆವು. ಅವರ ಭಾಷೆಯಲ್ಲೇ ಓದಿ ಹೇಳುವುದು, ಅವರು "ಆಗ್ಲಿ" ಅನ್ನುವುದು ರೆಕಾರ್ಡ್ ಆಗಬೇಕು. ನೀವೂ ಕೇಳಿ, ಕೊಡುತ್ತಾರೆ.

ಸ್ವರ್ಗ_ಪಡ್ರೆ

ಇದು ಎಲ್ಲರಿಗೂ ಗೊತ್ತಾಗಬೇಕು. ಬೇಡ ಅಂದರೆ ಆಮೇಲೆ ಹಿಂದೆ ತೆಗೆದುಕೊಳ್ಳಬಹುದು ಅಂತಲೂ ಹೇಳಿ. ನಮಗೆ ಯಾರೂ ಹೇಳಿರಲಿಲ್ಲ.

ಕ್ಯಾಮರಾ_ಉಪ್ಪಳ

ಮದುವೆ ವೀಡಿಯೋ ಮಾಡುವವನು ನಾನು. ಸುರಂಗದೊಳಗೆ ದೊಡ್ಡ ಲೈಟು ಒಯ್ಯಬೇಡಿ, ಬಿಸಿ ಆಗ್ತದೆ, ಬಾವಲಿಗಳು ಏಳ್ತವೆ. ಸಣ್ಣ ಎಲ್‌ಇಡಿ ಸಾಕು. ಹೊರಗಿಂದ ಒಳಗೆ ಹೋದ ಕೂಡಲೇ ಲೆನ್ಸಿನ ಮೇಲೆ ಹಬೆ ಕೂತುಕೊಳ್ತದೆ, ಸ್ವಲ್ಪ ಹೊತ್ತು ಬಿಡಿ. ಒಬ್ಬರೇ ಹೋಗಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಮುಳ್ಳೇರಿಯದವ

ಸಬ್‌ಟೈಟಲ್ ಇಂಗ್ಲಿಷಿನಲ್ಲಿ ಹಾಕಿ, ಪರವಾಗಿಲ್ಲ. ಆದರೆ ಊರಿನಲ್ಲಿ ತೋರಿಸುವ ಪ್ರತಿಯಲ್ಲಿ ಅದನ್ನು ತೆಗೆಯಿರಿ. ಅಕ್ಷರ ಓಡುತ್ತಾ ಇದ್ದರೆ ಹಳಬರು ಮುಖ ನೋಡುವುದಿಲ್ಲ.

ಬಾಯಾರು_ಹುಡುಗಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇವತ್ತು ಸಿಸ್ಟರ್ ಹತ್ತಿರ ಈ ಚರ್ಚೆಯನ್ನೇ ತೋರಿಸಿ ಮಾತಾಡಿದೆ. ಅನುಬಂಧ ಕನ್ನಡ, ತುಳುವಿನಲ್ಲಿ ಇರಬಹುದು ಅಂದರು, ಪುಟದ ಮಿತಿಯೂ ಇಲ್ಲವಂತೆ. ದೈವದ ಭಾಗ ತೆಗೆದರೆ ನೀರಿನ ಹಕ್ಕಿನ ಅಧ್ಯಾಯವೇ ಅರ್ಧ ಆಗ್ತದೆ, ಅದು ಇರಲೇಬೇಕು ಅಂತ ಅವರೇ ಹೇಳಿದರು. ಯಾಕೆಂದರೆ ನಮ್ಮಲ್ಲಿ ನೀರಿನ ಜಗಳ ಎಷ್ಟೋ ಸಲ ತೀರುವುದು ದೈವದ ಮುಂದೆ. ರೆಪೊಸಿಟರಿ ತೆರೆಯುವ ವಿಷಯ ಅವರ ಕೈಯಲ್ಲಿಲ್ಲ. ಪತ್ರ ಬರೆ, ನಾನೂ ಸಹಿ ಹಾಕುತ್ತೇನೆ ಅಂದರು. ನನ್ನ ಕ್ಲಾಸಿನ ಬೇರೆಯವರೂ ಸಹಿ ಹಾಕುತ್ತಾರಂತೆ. ಒಬ್ಬಳು ಕೋಲಾರದವಳು, ಕೆರೆಗಳ ಮೇಲೆ ಮಾಡ್ತಿದ್ದಾಳೆ. ಅವಳಿಗೂ ಇದೇ ಕೊರಗು.

ಬೈಂಡ್ ಮಾಡಿದ ಒಂದು ಪ್ರತಿ ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಗಿಳಿವಿಂಡಿಗೆ, ಒಂದು ಬಾಯಾರಿನ ನಮ್ಮ ಶಾಲೆಗೆ ಕೊಡುತ್ತೇನೆ. ಅಡಿಕೆ ಪತ್ರಿಕೆಗೆ ಎರಡು ಪುಟ ಬರೆಯಲಿಕ್ಕೆ ಕೂತಿದ್ದೇನೆ. ಒಪ್ಪಿಗೆಯ ಮಾತುಗಳ ಕರಡು ನಾಳೆ ಇಲ್ಲಿ ಹಾಕುತ್ತೇನೆ, ವಕೀಲರು ಮತ್ತೆ ಪಡ್ರೆಯ ಅಕ್ಕ ನೋಡಿ ಹೇಳಬೇಕು.

ಗಡಿನಾಡ_ಮಿಡಿ

ಪತ್ರದಲ್ಲಿ ಕನ್ನಡದಲ್ಲೂ ಡೆಸರ್ಟೇಶನ್ ಬರೆಯಲಿಕ್ಕೆ ಬಿಡಬೇಕು ಅಂತ ಒಂದು ಸಾಲು ಸೇರಿಸಿ. ಈ ವರ್ಷ ಆಗದಿದ್ದರೆ ನಿಮ್ಮ ಹಿಂದೆ ಬರುವವರಿಗೆ ಆಗ್ತದೆ. ಸಿಸ್ಟರ್‌ಗೆ ನನ್ನ ನಮಸ್ಕಾರ ಹೇಳಿ.

ಪುಸ್ತಕದ ಹುಳು

ಪತ್ರ ಕುಲಸಚಿವರಿಗೆ ಬರೆದು ಲೈಬ್ರರಿಯನ್‌ಗೆ ಪ್ರತಿ ಹಾಕಿ. ಬರೀ ಲೈಬ್ರರಿಗೆ ಬರೆದರೆ ನಮ್ಮ ಕೈಯಲ್ಲಿ ಎಂತ ಉಂಟು?

ವಿದ್ಯಾನಗರ_ವಕೀಲ

ಕರಡು ಹಾಕಿ, ನೋಡುತ್ತೇನೆ. ಮಲಯಾಳಂ ಪ್ರತಿಯೂ ಒಂದು ಮಾಡಿಟ್ಟುಕೊಳ್ಳಿ. ನಿಮ್ಮ ಕಡೆ ಸುರಂಗ ಇರುವ ಮಲಯಾಳಿ ಮನೆಗಳೂ ಇದ್ದಾವೆ, ಅವರನ್ನು ಬಿಡಬೇಡಿ. ಅನುವಾದ ನಾನು ಮಾಡಿಕೊಡುತ್ತೇನೆ.